ಮಾರಿಜಾತ್ರೆಯ ಬಿಸಿಲು, ಸೊಂಟದ ಮೇಲಿನ ಕೂಸು

ಶಿರಸಿ ಸೀಮೆಯ ಮಕ್ಕಳಿಗೆ ಥೀಮ್ ಪಾರ್ಕ್ ಎಂದರೆ ಮಾರಿಜಾತ್ರೆಯ ಪೇಟೆಯೇ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂತಳೆಂದರೆ ಸಿದ್ದಾಪುರ, ಯಲ್ಲಾಪುರದ ಬಸ್ಸುಗಳೆಲ್ಲ ಇತ್ತಲೇ ಮುಖ ಮಾಡುತ್ತವೆ. ಆಕಾಶಕ್ಕೇರುವ ತೊಟ್ಟಿಲು, ತಿರುಗುವ ಕುದುರೆ, ಬಾಂಬೆ ಮಿಠಾಯಿ, ಬಳೆಯಂಗಡಿ, ನಾಟಕದ ಟೆಂಟು. ಒಂಬತ್ತು ದಿನ ಊರಿಗೆ ಊರೇ ಆಟದ ಬಯಲು.

ತೊಂದರೆಯೆಂದರೆ ಜಾತ್ರೆಯ ಕಾಲ. 2022ರಲ್ಲಿ ಮಾರ್ಚ್ 15ಕ್ಕೆ ಶುರುವಾಯಿತು, 2024ರಲ್ಲಿ 19ಕ್ಕೆ. ಎರಡೂ ಸಲ ಬೇಸಿಗೆ ಬಾಗಿಲಲ್ಲೇ ನಿಂತಿತ್ತು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಾರ್ಚಿನಲ್ಲೂ ಬೆಳಗಿನ ಜಾವ ಚಳಿ ತಾಗುವುದುಂಟು. ಯಲ್ಲಾಪುರದ ಒಳಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟವರು ಕೂಸಿಗೆ ಸ್ವೆಟರ್, ಕುಲಾವಿ ಹಾಕಿಯೇ ಹೊರಡುತ್ತಾರೆ. ಹನ್ನೊಂದು ದಾಟುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಮಧ್ಯಾಹ್ನಕ್ಕೆ ಉಷ್ಣಾಂಶ 35 ಡಿಗ್ರಿಯ ಆಸುಪಾಸು. ದೊಡ್ಡವರೆಲ್ಲ ಉಡಿ ಸೇವೆಯ ಸರದಿಯಲ್ಲಿ, ಕುಲಾವಿ ಮಾತ್ರ ಕೂಸಿನ ತಲೆಯ ಮೇಲೆ ಹಾಗೇ. ಕರಾವಳಿಯ ಕುಮಟೆಯಲ್ಲಾದರೆ ಬೆವರು ಧಾರಾಕಾರ ಸುರಿದು ಎಚ್ಚರಿಸುತ್ತದೆ. ಘಟ್ಟದ ಮೇಲೆ ಬೆವರು ಬೇಗ ಆರುವುದರಿಂದ ಮೈಯಿಂದ ನೀರು ಹೋದದ್ದೇ ತಿಳಿಯುವುದಿಲ್ಲ.

ಪುಟ್ಟ ಮಕ್ಕಳಿಗೆ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಬೆವರು ಕಡಿಮೆ. ಹಾಗಾಗಿ ಬೇಗ ಕಾಯುತ್ತಾರೆ. ಜನಜಂಗುಳಿಯಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಳ್ಳದೆ ಗತಿಯಿಲ್ಲ. ಆದರೆ ಎತ್ತಿಕೊಂಡವರ ಮೈಬಿಸಿಯೂ ಅದಕ್ಕೇ ತಾಗುತ್ತದೆ. ಆಗಾಗ ನೆರಳಿನಲ್ಲಿ ಕೆಳಗಿಳಿಸಿ ಗಾಳಿಯಾಡಲು ಬಿಡಬೇಕು. ಬಿಸಿಲು ತಾಗದಿರಲೆಂದು ಸೆರಗು, ಟವೆಲ್ಲು ಮುಸುಕು ಹಾಕುವ ಅಭ್ಯಾಸವಂತೂ ಇದ್ದದ್ದೇ. ಮಕ್ಕಳ ತಳ್ಳುಗಾಡಿಯನ್ನಿಟ್ಟು ಸಿಡ್ನಿ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದ್ದಾರೆ: ಒಣಬಟ್ಟೆ ಹೊದಿಸಿದರೆ ಒಳಗಿನ ಸೆಕೆ ಎರಡು ಡಿಗ್ರಿಗೂ ಹೆಚ್ಚು ಏರುತ್ತದೆ, ಒದ್ದೆ ಬಟ್ಟೆ ಹೊದಿಸಿ ಚಿಕ್ಕ ಫ್ಯಾನು ಹಚ್ಚಿದರೆ ಇಳಿಯುತ್ತದೆ. ಘಟ್ಟದ ಒಣಗಾಳಿಗೆ ಈ ಉಪಾಯ ಚೆನ್ನಾಗಿಯೇ ಒಗ್ಗುತ್ತದೆ. ತೆಳ್ಳನೆಯ ಹಳೇ ಪಂಚೆಯ ತುಂಡೊಂದನ್ನು ಹಿಂಡಿ ಕತ್ತು, ಕಂಕುಳು, ಪಾದ ಒರೆಸುತ್ತಿದ್ದರೆ ಅರ್ಧ ಕೆಲಸ ಆದಂತೆ.

ಇನ್ನು ಕುಡಿಯುವುದು. ಜಾತ್ರೆಯ ಬಣ್ಣದ ಐಸ್ ಕ್ಯಾಂಡಿಗೆ ಮಕ್ಕಳು ಹಟ ಹಿಡಿಯುತ್ತಾರೆ, ಕಬ್ಬಿನ ಹಾಲಿನ ಗಾಡಿ ದೊಡ್ಡವರನ್ನೂ ಬಿಡುವುದಿಲ್ಲ. ಆ ಐಸು ಯಾವ ನೀರಿನದೆಂದು ಕೇಳುವವರು ಕಡಿಮೆ. ಮಲೆನಾಡಿನ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯದೇ ಇದೆ: ಮುರುಗಲು ಪಾನಕ, ಎಳ್ಳುನೀರು, ನೀರು ಮಜ್ಜಿಗೆ, ಒಂದೆಲಗದ ತಂಬುಳಿ. ಹೊರಡುವಾಗ ಸ್ಟೀಲ್ ಬಾಟಲಿಗೆ ತುಂಬಿಕೊಂಡರಾಯಿತು. ಎಳನೀರನ್ನು ಕಣ್ಣೆದುರೇ ಕೆತ್ತಿಸಬಹುದು. ಆರು ತಿಂಗಳೊಳಗಿನ ಶಿಶುವಿಗೆ ಇದಾವುದೂ ಬೇಡ, ನೀರೂ ಬೇಡ; ಎದೆಹಾಲನ್ನೇ ಹೆಚ್ಚು ಸಲ ಕೊಟ್ಟರೆ ಸಾಕು.

ಅನುಭವವಿದ್ದ ಅಜ್ಜಿಯರು ಬೆಳಿಗ್ಗೆಯೇ ದೇವಿಯ ದರ್ಶನ ಮುಗಿಸುತ್ತಾರೆ. ಮೊಮ್ಮಗ ತೊಟ್ಟಿಲಿಗಾಗಿ ರಚ್ಚೆ ಹಿಡಿದರೆ, ‘ತಮಾ, ಸಂಜಿಗೆ ಹೋಪನ’ ಎಂದು ರಮಿಸಿ ಪೇಟೆಯ ನೆಂಟರ ಮನೆಯಲ್ಲಿ ಮಲಗಿಸುತ್ತಾರೆ. ಜಾತ್ರೆಗೆ ನಿಜವಾದ ಕಳೆ ಬರುವುದೂ ದೀಪ ಹೊತ್ತಿದ ಮೇಲೆಯೇ. ನೆಂಟರಿಲ್ಲದವರು ಮಧ್ಯಾಹ್ನ ಕಳೆಯಲು ಶಾಲ್ಮಲೆಯ ದಡದ ಸಹಸ್ರಲಿಂಗಕ್ಕೆ ಹೋಗುವುದುಂಟು. ಮರದ ನೆರಳೇನೋ ತಂಪು, ನದಿಯ ಬಂಡೆ ಮಾತ್ರ ಬರಿಗಾಲು ಇಡಲಾಗದಷ್ಟು ಕಾದಿರುತ್ತದೆ. ಕೂಸಿಗೆ ಚಪ್ಪಲಿ ಬೇಕೇ ಬೇಕು.

ನಿದ್ದೆಹೋದ ಮಗುವನ್ನು ಕಾರಿನಲ್ಲಿ ಬಿಟ್ಟು ‘ಐದೇ ನಿಮಿಷ’ ಎಂದು ಇಳಿಯುವುದು ಎಲ್ಲಕ್ಕಿಂತ ಅಪಾಯ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಕಿಟಕಿ ಸಂದು ಬಿಟ್ಟರೂ ಹೆಚ್ಚೇನೂ ಇಳಿಯದು. ಅಳುತ್ತಿದ್ದ ಕೂಸು ಒಮ್ಮೆಲೇ ಮಂಕಾಗಿ ಜೋತುಬಿದ್ದರೆ, ಮೈ ಸುಡುತ್ತಿದ್ದರೆ, ತಾಸುಗಟ್ಟಲೆ ಉಚ್ಚೆ ಹೊಯ್ಯದಿದ್ದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಲೇ ಆಸ್ಪತ್ರೆಗೆ ಓಡಬೇಕು. ಸರ್ಕಾರಿ ಪಂಡಿತ ಆಸ್ಪತ್ರೆ ಪೇಟೆಯಲ್ಲೇ ಇದೆ.