ಗಿಡದ ಜೀನೋಮ್‌ನಲ್ಲಿ ಸೆಂಟ್ರೋಮಿಯರ್ ಎಲ್ಲಿದೆ? ಆನ್‌ಲೈನ್ ಟೂಲ್ ಹುಡುಕುವುದು ಹೀಗೆ

ಚೆನ್ನೈ: ಉಪ್ಪುನೀರಿನಲ್ಲೇ ಬದುಕುವ ಮ್ಯಾಂಗ್ರೋವ್, ಅಂದರೆ ನಮ್ಮ ಕರಾವಳಿಯವರ ಕಾಂಡ್ಲಾ ಗಿಡಗಳ ಪೈಕಿ ಅವಿಸೆನ್ನಿಯಾ ಮರೀನಾ ಪ್ರಮುಖವಾದದ್ದು. ಚೆನ್ನೈ ಸಮೀಪದ ಎಸ್‌ಆರ್‌ಎಂ ಸಂಸ್ಥೆ ಹಾಗೂ ಭುವನೇಶ್ವರದ ಇನ್‌ಸ್ಟಿಟ್ಯೂಟ್ ಆಫ್ ಲೈಫ್ ಸೈನ್ಸಸ್ ವಿಜ್ಞಾನಿಗಳು 2021ರಲ್ಲಿ ಇದರ ಜೀನೋಮ್ ಪ್ರಕಟಿಸಿದರು. 31 ವರ್ಣತಂತುಗಳು, ಸುಮಾರು 45.66 ಕೋಟಿ ಡಿಎನ್‌ಎ ಅಕ್ಷರಗಳು. ಇಷ್ಟು ಉದ್ದದ ಸಾಲಿನಲ್ಲಿ ಸೆಂಟ್ರೋಮಿಯರ್ ಪತ್ತೆ ಹಚ್ಚುವುದು ಹೇಗೆ?

ಕೋಶ ಇಬ್ಭಾಗವಾಗುವಾಗ ವರ್ಣತಂತುವಿನ ಎರಡು ಪ್ರತಿಗಳನ್ನು ಆಚೀಚೆ ಎಳೆಯುವ ನಾರುಗಳು ಬಂದು ಹಿಡಿಯುವ ಜಾಗವೇ ಸೆಂಟ್ರೋಮಿಯರ್. ಇದು ಬರೀ ಪುಸ್ತಕದ ವಿಷಯವಲ್ಲ. 2010ರಲ್ಲಿ ಭಾರತೀಯ ವಿಜ್ಞಾನಿ ರವಿ ಮರುತಾಚಲಂ ಮತ್ತು ಸೈಮನ್ ಚಾನ್, ಸೆಂಟ್ರೋಮಿಯರ್‌ನಲ್ಲಿ ಕೂರುವ ಸೆನ್‌ಎಚ್3 ಎಂಬ ಪ್ರೋಟೀನನ್ನು ಬದಲಿಸಿದ ಗಿಡವನ್ನು ಸಾಮಾನ್ಯ ಗಿಡದ ಜತೆ ಸಂಕರ ಮಾಡಿದರು. ಬದಲಾದ ಗಿಡದಿಂದ ಬಂದ ವರ್ಣತಂತುಗಳು ಕೆಲವು ಭ್ರೂಣಗಳಲ್ಲಿ ಕಳೆದುಹೋಗಿ, ಒಂದೇ ಪೋಷಕ ಗಿಡದ ವರ್ಣತಂತುಗಳು ಮಾತ್ರ ಉಳಿದವು. ಇಂಥ ಸಸಿಗಳ ವರ್ಣತಂತುಗಳನ್ನು ದುಪ್ಪಟ್ಟು ಮಾಡಿದರೆ ಶುದ್ಧ ತಳಿ ಸಿದ್ಧ. ಹಲವು ತಲೆಮಾರು ಕಾಯಬೇಕಿಲ್ಲ.

ಪತ್ತೆ ಕಷ್ಟ ಏಕೆಂದರೆ, ಬಹುತೇಕ ಸಸ್ಯಗಳ ಸೆಂಟ್ರೋಮಿಯರ್‌ನಲ್ಲಿ ಒಂದೇ ಪದಗುಚ್ಛ ಸಾವಿರಾರು ಬಾರಿ ಬರುತ್ತದೆ. ಭತ್ತದಲ್ಲಿ ಅದು ಸುಮಾರು 155 ಅಕ್ಷರ, ಅರಾಬಿಡಾಪ್ಸಿಸ್‌ನಲ್ಲಿ ಸುಮಾರು 178. ಮದ್ರಾಸ್ ಚೆಕ್ಸ್ ಲುಂಗಿಯನ್ನು ಚೂರುಚೂರು ಮಾಡಿ ಮತ್ತೆ ಜೋಡಿಸಿ ಎಂದರೆ ಯಾವ ಚೌಕ ಎಲ್ಲಿಯದು ಎಂದು ಹೇಳುವುದು ಹೇಗೆ? ಅರಾಬಿಡಾಪ್ಸಿಸ್ ಜೀನೋಮ್ ಪ್ರಕಟವಾದದ್ದು 2000ರಲ್ಲಿ. ಅದರ ಸೆಂಟ್ರೋಮಿಯರ್‌ಗಳನ್ನು ಪೂರ್ತಿ ಓದಲು 2021 ಬರಬೇಕಾಯಿತು.

2023ರಲ್ಲಿ ಪರಿಚಯವಾದ ಕ್ವಾರ್ಟೆಟ್ ಎಂಬ ವೆಬ್ ಟೂಲ್‌ನಲ್ಲಿ ಇದಕ್ಕೆಂದೇ ಸೆಂಟ್ರೋಮೈನರ್ ಎಂಬ ವಿಭಾಗವಿದೆ. ಜೀನೋಮ್‌ನ ಫಾಸ್ಟಾ ಫೈಲ್ ಕೊಟ್ಟರೆ, ಪಕ್ಕಪಕ್ಕದಲ್ಲೇ ಮರುಕಳಿಸುವ ಅಕ್ಷರಗುಚ್ಛಗಳನ್ನು ಹುಡುಕಿ, ಹೋಲುವವನ್ನು ಗುಂಪು ಮಾಡಿ, ಅವು ದಟ್ಟವಾಗಿರುವ ಜಾಗವನ್ನು ಪ್ರತಿ ವರ್ಣತಂತುವಿನಲ್ಲೂ ಗುರುತಿಸುತ್ತದೆ. ಜಿಗಿಯುವ ಜೀನ್‌ಗಳ, ಅಂದರೆ ಟ್ರಾನ್ಸ್‌ಪೋಸಾನ್‌ಗಳ ವಿವರದ ಫೈಲನ್ನೂ ಜತೆಗೆ ಕೊಡಬಹುದು.

ಆದರೆ ಟೂಲ್ ಕೊಡುವುದು 'ಇಲ್ಲಿರಬಹುದು' ಎಂಬ ಉತ್ತರ ಮಾತ್ರ. ಜೋಡಣೆಯಲ್ಲೇ ಇಲ್ಲದ ಭಾಗವನ್ನು ಅದು ಹುಡುಕಲಾರದು. ಅವಿಸೆನ್ನಿಯಾ ಜೀನೋಮ್‌ನಲ್ಲೂ ಶೇ 0.26ರಷ್ಟು ಖಾಲಿ ಜಾಗವಿದೆ. ಪ್ರಮಾಣ ಚಿಕ್ಕದು, ನಿಜ. ಆದರೆ ಜೋಡಣೆ ಸಾಮಾನ್ಯವಾಗಿ ತಪ್ಪುವುದೇ ಇಂಥ ಮರುಕಳಿಸುವ ಕಡೆ. ಮರುಕಳಿಕೆ ಇದ್ದ ಕಡೆಯೆಲ್ಲ ಸೆಂಟ್ರೋಮಿಯರ್ ಇರಬೇಕೆಂದೂ ಇಲ್ಲ. ಖಚಿತಪಡಿಸಲು ನಿಜವಾದ ಗಿಡದ ಎಲೆ ತಂದು, ಸೆನ್‌ಎಚ್3 ಪ್ರೋಟೀನ್ ಅಂಟಿಕೊಂಡಿರುವ ಡಿಎನ್‌ಎ ತುಣುಕುಗಳನ್ನೇ ಹೆಕ್ಕಿ ಓದುವ ಚಿಪ್-ಸೀಕ್ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡಬೇಕು.