ಆಟದ ಹಿಂದಿನ ಬರವಣಿಗೆ

ಸಂಬಳವಿಲ್ಲದೆ, ದೇಶದೇಶಗಳಲ್ಲಿ ಚದುರಿರುವ ಜನ ಸೇರಿ ಕಟ್ಟಿದ ಆಟವೊಂದಿದೆ. ಅದರ ಹೆಸರು ಲುವಾಂಟಿ. 2010ರಲ್ಲಿ ಫಿನ್ಲೆಂಡಿನ ಪೆರ್ಟು ಅಹೋಲಾ ಆರಂಭಿಸಿದಾಗ ಅದನ್ನು ಮೈನ್‌ಟೆಸ್ಟ್ ಎಂದು ಕರೆಯುತ್ತಿದ್ದರು. ಈಗಿನ ಹೆಸರು ಬಂದದ್ದು 2024ರಲ್ಲಿ. ವಾಸ್ತವದಲ್ಲಿ ಅದು ಒಂದು ಆಟವಲ್ಲ, ಆಟಗಳನ್ನು ಕಟ್ಟುವ ಎಂಜಿನ್. ಘನಾಕಾರದ ಕಲ್ಲು, ಮಣ್ಣು, ಮರಗಳ ಲೋಕವೊಂದನ್ನು ರಚಿಸಿ, ಅಂತರ್ಜಾಲದ ಮೂಲಕ ಹಲವರು ಕೂಡಿ ಆಡಬಹುದು. ಆ ಲೋಕದ ನಿಯಮಗಳನ್ನು ‘ಲುವಾ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಯಾರು ಬೇಕಾದರೂ ಬರೆಯಬಹುದು.

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿರುವ ನನಗೆ ಇದರ ಪರಿಚಯವಾದದ್ದು ಮಗನಿಂದ. ‘ಇನ್ನೂ ಆಟದಲ್ಲೇ ಮುಳುಗಿದ್ದಾನೆಯೇ?’ ಎಂದು ಊರಿನ ಬಂಧುಗಳು ಆತಂಕದಿಂದ ವಿಚಾರಿಸುತ್ತಾರೆ. ಅವನು ಆಡುವುದು ಕಡಿಮೆ. ಇಂಥ ಆಟಗಳನ್ನು ಕಟ್ಟಲು ಬರುವ ಹೊಸಬರಿಗಾಗಿ ಕೈಪಿಡಿಗಳನ್ನು ಬರೆಯುವುದು, ಇದ್ದುದನ್ನು ಓರಣಗೊಳಿಸುವುದು ಅವನ ಹವ್ಯಾಸ. ರಜೆಯ ದಿನಗಳಲ್ಲಿ ಅವನ ಕರಡುಗಳನ್ನು ಓದುವ ಅಭ್ಯಾಸ ನನಗೂ ಹತ್ತಿದೆ.

ಲುವಾಂಟಿಯ ಎಂಜಿನ್ ಏನೇನು ಮಾಡಬಲ್ಲದು ಎಂಬುದನ್ನೆಲ್ಲ ಸಾವಿರಾರು ಸಾಲುಗಳ ಒಂದು ಕಡತದಲ್ಲಿ ದಾಖಲಿಸಲಾಗಿದೆ. ಬಲ್ಲವರಿಗೆ ಅದು ನಿಧಿ. ಹೊಸಬರ ಕೈಗೆ ಅದೊಂದನ್ನೇ ಕೊಟ್ಟರೆ, ನಿಘಂಟು ಕೊಟ್ಟು ಭಾಷೆ ಕಲಿಯಿರಿ ಎಂದಂತಾಗುತ್ತದೆ. ಆದ್ದರಿಂದ ಜೊತೆಗೆ ಬೇರೆ ಬಗೆಯ ಬರಹಗಳೂ ಬೇಕು.

ಡಾನಿಯೆಲೆ ಪ್ರೊಚಿಡಾ ಎಂಬವರು ‘ಡಿಯಾಟಾಕ್ಸಿಸ್’ ಎಂಬ ಹೆಸರಿನಲ್ಲಿ ತಾಂತ್ರಿಕ ಬರಹಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಕೈಹಿಡಿದು ಕಲಿಸುವ ಪಾಠ, ನಿರ್ದಿಷ್ಟ ಕೆಲಸಕ್ಕೆ ಕ್ರಮಸೂಚಿ, ಪರಾಮರ್ಶನ ಕೋಶ ಮತ್ತು ಕಾರಣಗಳ ವಿವರಣೆ. ವೈದ್ಯರಿಗೆ ಈ ವಿಂಗಡಣೆ ಹೊಸದಲ್ಲ. ಕಿರಿಯ ವೈದ್ಯನ ಪಕ್ಕದಲ್ಲಿ ನಿಂತು ಮೊದಲ ಸಲ ರಕ್ತನಾಳಕ್ಕೆ ಸೂಜಿ ಹಾಕಿಸುವುದು ಪಾಠ. ಮಧುಮೇಹದ ತುರ್ತುಸ್ಥಿತಿಯಲ್ಲಿ ಗಂಟೆಗಂಟೆಗೆ ಮಾಡಬೇಕಾದುದನ್ನು ಹೇಳುವ ಹಾಳೆ ಕ್ರಮಸೂಚಿ. ಔಷಧಗಳ ಪ್ರಮಾಣ ತಿಳಿಸುವ ಬ್ರಿಟಿಷ್ ನ್ಯಾಷನಲ್ ಫಾರ್ಮ್ಯುಲರಿ ಕೋಶ. ದೇಹದ ವ್ಯಾಪಾರವನ್ನು ಬಿಡಿಸಿ ಹೇಳುವ ಶರೀರಕ್ರಿಯಾಶಾಸ್ತ್ರ ವಿವರಣೆ. ಈ ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸಿದರೆ ನಡುರಾತ್ರಿ ರೋಗಿಯ ಮುಂದೆ ನಿಂತವನಿಗೆ ಬೇಕಾದ ಸಾಲು ಸಿಗುವುದಿಲ್ಲ. ಓರಣಗೊಳಿಸುವುದೆಂದರೆ ಮೊದಲು ಇವುಗಳನ್ನು ಬೇರ್ಪಡಿಸುವುದು. ಎಂಜಿನ್ನನ್ನು ಸ್ವತಃ ಸಿದ್ಧಪಡಿಸಿಕೊಳ್ಳುವ ಸೂಚನೆಗಳನ್ನು ಲುವಾಂಟಿಯಲ್ಲಿ ಲಿನಕ್ಸ್, ವಿಂಡೋಸ್, ಮ್ಯಾಕ್ ಎಂದು ಪ್ರತ್ಯೇಕ ಕಡತಗಳಲ್ಲಿ ಇರಿಸಿರುವುದು ಇಂಥದೇ ಸಣ್ಣ, ಉಪಯುಕ್ತ ವಿಂಗಡಣೆ.

ಇಷ್ಟು ಶ್ರಮ ಏಕೆ? ಸ್ವಯಂಸೇವಕರನ್ನು ಯಾವ ಕರಾರೂ ಕಟ್ಟಿಹಾಕುವುದಿಲ್ಲ. ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಹೊಸ ನೌಕರಿ, ಮತ್ತೊಬ್ಬರಿಗೆ ಮನೆಯಲ್ಲಿ ಮಗು. ಬರೆದಿಡದೆ ಹೋದರೆ ಅವರ ತಲೆಯಲ್ಲಿದ್ದ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಪಾಳಿ ಬದಲಾದರೂ ರೋಗಿ ಅಲ್ಲೇ ಇರುತ್ತಾನೆ. ಅದಕ್ಕಾಗಿಯೇ ಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ ಎಂಬ ಕ್ರಮದಲ್ಲಿ ಮುಂದಿನ ಪಾಳಿಗೆ ವಿಷಯ ಒಪ್ಪಿಸುವ ಪದ್ಧತಿ ಇಲ್ಲಿ ರೂಢಿಯಲ್ಲಿದೆ.

ವಿದೇಶಕ್ಕೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೆ ಒಂದು ಮಾತು. ನಮ್ಮವರಲ್ಲಿ ಜಾಣರಿಗೆ ಕೊರತೆಯಿಲ್ಲ; ತಿಳಿದದ್ದನ್ನು ಅಪರಿಚಿತನಿಗೂ ಅರ್ಥವಾಗುವಂತೆ ಬರೆಯುವ ರೂಢಿ ಮಾತ್ರ ಕಡಿಮೆ. ಇಲ್ಲಿ ನಿತ್ಯದ ಕೆಲಸ ನಡೆಯುವುದೇ ಬರಹದಿಂದ. ಆ ಅಭ್ಯಾಸಕ್ಕೆ ಇಂಥ ಯೋಜನೆಗಳು ಒಳ್ಳೆಯ ಗರಡಿ. ಹಾಸನದಲ್ಲೋ ಗದಗದಲ್ಲೋ ಕುಳಿತು ಸೇರಬಹುದು, ವೀಸಾ ಬೇಡ. ಹೊಸಬರಾಗಿರುವುದೇ ಇಲ್ಲಿ ಅರ್ಹತೆ. ಮೊದಲ ವಾರ ಎಲ್ಲೆಲ್ಲಿ ಎಡವಿದಿರೋ ಅಲ್ಲೆಲ್ಲ ಗುರುತು ಹಾಕಿಕೊಳ್ಳಿ. ಪಳಗಿದವರ ಕಣ್ಣಿಗೆ ಆ ಕಲ್ಲುಗಳು ಕಾಣುವುದಿಲ್ಲ. ನೀವು ಬರೆದುದನ್ನು ಇತರರು ಪರಿಶೀಲಿಸಿ ಪ್ರಶ್ನಿಸುತ್ತಾರೆ. ಅದನ್ನು ಅವಮಾನವೆಂದು ತಿಳಿಯದೆ ತಿದ್ದಿ ಮತ್ತೆ ಕಳುಹಿಸಿ. ಇದರಿಂದ ನೌಕರಿ ದೊರೆಯುತ್ತದೆಂದು ನಾನು ಭರವಸೆ ಕೊಡಲಾರೆ. ನೌಕರಿ ದೊರೆತ ಮೇಲೆ ಈ ಅಭ್ಯಾಸ ಕೈಹಿಡಿಯುತ್ತದೆ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.