ಚೌಕ ಎಣಿಸಿ ನಮ್ಮ ಗುರುತು

ಮಕ್ಕಳೇ, ‘ಆಯಿ’ ಅಂದರೆ ಯಾರು? ಚಚಡಿ, ಸವದತ್ತಿ ಕಡೆಯ ಹಲವು ಕನ್ನಡ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಮರಾಠಿ ಮನೆಗಳಲ್ಲಿ ಅದೇ ಮಾತಿಗೆ ತಾಯಿ ಎಂದರ್ಥ. ಅಪ್ಪನ ಕಡೆ ಕನ್ನಡ, ಅವ್ವನ ಕಡೆ ಮರಾಠಿ ಇರುವ ಮಗುವಿಗೆ ಎರಡೂ ತನ್ನವೇ. ‘ನೀನು ಯಾವ ಕಡೆಯವಳು?’ ಎಂದು ಯಾರಾದರೂ ಕೇಳಿದರೆ ಆ ಮಗು ಏನು ಹೇಳಬೇಕು?

ಬಾಯಲ್ಲಿ ಹೇಳಲಾಗದ್ದನ್ನು ಚಿತ್ರದಲ್ಲಿ ತೋರಿಸಬಹುದು. ಅದಕ್ಕೆ ಬೇಕಾದ ವಿದ್ಯೆ ಅಜ್ಜಿಯ ಟ್ರಂಕಿನಲ್ಲಿರುವ ಇಳಕಲ್ ಸೀರೆಯ ಮೇಲೇ ಇದ್ದೀತು. ಅದೇ ಕಸೂತಿ.

ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ಜಾಗ ಬಿಡುತ್ತದೆ, ಮರಳಿ ಬರುವಾಗ ಅದನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಹಾಗಾಗಿ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ ಕಾಣುತ್ತದೆ! ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ಹೀಗೆ ಎಣಿಕೆಯಿಂದಲೇ ಮೂಡುತ್ತವೆ.

ಕಂಪ್ಯೂಟರ್ ಪರದೆಯ ಚಿತ್ರವೂ ಪುಟ್ಟ ಪುಟ್ಟ ಚೌಕಗಳದ್ದೇ. 1984ರಲ್ಲಿ ಬಂದ ಮ್ಯಾಕಿಂಟಾಶ್ ಕಂಪ್ಯೂಟರಿಗಾಗಿ ಸೂಸನ್ ಕೇರ್ ಎಂಬ ಕಲಾವಿದೆ ಚೌಕದ ಹಾಳೆಯ ಮೇಲೆ ಕಸದ ಬುಟ್ಟಿ, ನಗುವ ಕಂಪ್ಯೂಟರ್ ಮುಂತಾದ ಗುರುತುಗಳನ್ನು ರೂಪಿಸಿದರು. ಒಂದು ಗುರುತಿಗೆ ಅಡ್ಡ 32, ಉದ್ದ 32, ಒಟ್ಟು 1,024 ಚೌಕ.

ಈಗ ನಿಮ್ಮ ಸರದಿ. ಗಣಿತದ ಚೌಕದ ನೋಟ್‌ಬುಕ್ಕಿನಲ್ಲಿ ಅಷ್ಟೇ ಜಾಗ ಗುರುತು ಮಾಡಿ. ಅಜ್ಜ ಅಜ್ಜಿಯರನ್ನು ಕೇಳಿ: ನಮ್ಮ ಹಿರಿಯರು ಎಲ್ಲಿಂದ ಬಂದರು? ಮನೆಯಲ್ಲಿ ಯಾವ ಯಾವ ಮಾತು ಆಡುತ್ತಿದ್ದರು? ಬಂದ ಉತ್ತರಕ್ಕೆ ಒಂದೊಂದು ಚಿತ್ರ ಕೂಡಿಸಿ. ಸವದತ್ತಿ ಹತ್ತಿರದ ನವಿಲುತೀರ್ಥಕ್ಕೆ ಒಂದು ನವಿಲು, ಹೊಲಕ್ಕೆ ಜೋಳದ ತೆನೆ. ಮನೆಯಲ್ಲಿ ಉರ್ದು ಇದ್ದರೆ ಹೆಸರನ್ನು ಎರಡೂ ಲಿಪಿಯಲ್ಲಿ ಬರೆಯಿರಿ. ಕನ್ನಡ ಎಡದಿಂದ ಹೊರಡುತ್ತದೆ, ಉರ್ದು ಬಲದಿಂದ. ನಡುವೆ ಎರಡೂ ಭೇಟಿಯಾಗುತ್ತವೆ.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಇನ್ನೊಂದು ಹೆಜ್ಜೆ. ಅಮೆರಿಕದ ಎಂಐಟಿ ಸಂಸ್ಥೆಯವರು 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ ‘ಸ್ಕ್ರ್ಯಾಚ್’ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಚಿತ್ರಕ್ಕೆ ದನಿ ಜೋಡಿಸಬಹುದು. ತೆನೆಯನ್ನು ಒತ್ತಿದರೆ ಅಜ್ಜನ ಹೊಲದ ಮಾತು, ತೇರನ್ನು ಒತ್ತಿದರೆ ಅಜ್ಜಿಯ ಮರಾಠಿ ಕೇಳುವಂತೆ ಮಾಡಿ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಮಾತಿನ ಎಷ್ಟೋ ಪದಗಳು ಪಾಠಪುಸ್ತಕದಲ್ಲಿಲ್ಲ. ಮೊಮ್ಮಕ್ಕಳು ದನಿ ಕೇಳಿ ಬಂದಾಗ ಒಲ್ಲೆ ಅನ್ನಬೇಡಿ. ಆಗ ಅವರ ಚಿತ್ರದಲ್ಲಿ ಅಪ್ಪನ ಕಡೆ, ಅವ್ವನ ಕಡೆ ಎರಡಕ್ಕೂ ಜಾಗ ಇರುತ್ತದೆ, ಯಾವುದನ್ನೂ ಬಿಡಬೇಕಾಗುವುದಿಲ್ಲ.